ಪಹಣಿ ಉಳಿಯಿತು, ಹೊಲ ಹೋಯಿತು

ಹೆಣ್ಣು, ಹೊನ್ನು, ಮಣ್ಣು ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಲೋಕದ ಜಗಳಕ್ಕೆಲ್ಲ ಈ ಮೂರೇ ಕಾರಣವೆಂದು ಹೇಳಿದವರು ಗಂಡಸರೇ ಇರಬೇಕು. ಆ ವಿಚಾರ ಈಗ ಬೇಡ. ಹೊನ್ನಿಗೆ ತಕ್ಕಡಿಯಿದೆ, ಗುಂಜಿಯಿದೆ, ಕ್ಯಾರೆಟ್ಟಿನ ಲೆಕ್ಕವಿದೆ. ಮೂಗುಬೊಟ್ಟನ್ನು ಕರಗಿಸಲು ಕೊಟ್ಟರೂ ಎಷ್ಟು ಸವೆಯಿತೆಂದು ಅಕ್ಕಸಾಲಿಯ ಎದುರಿಗೇ ಕೂತು ನೋಡುವವರು ನಾವು. ಮಣ್ಣಿಗೆ ಮಾತ್ರ ಯಾವ ಲೆಕ್ಕವೂ ಇಲ್ಲ. "ಒಂದು ಲೋಡು ಕೆಂಪು ಮಣ್ಣು ಕಳಿಸಿಕೊಡಪ್ಪ" ಎಂದು ಫೋನು ಮಾಡಿದರೆ ಮುಗಿಯಿತು; ಸಂಜೆಯೊಳಗೆ ಗೇಟಿನ ಮುಂದೆ ಗುಡ್ಡೆ ಬಿದ್ದಿರುತ್ತದೆ. ಅದು ಎಲ್ಲಿಂದ ಬಂತೆಂದು ಕೇಳುವ ಪದ್ಧತಿಯೇ ಇಲ್ಲ. ಆ ಪದ್ಧತಿ ಇನ್ನು ಮುಂದಾದರೂ ಶುರುವಾಗಲಿ ಎಂಬ ಒಂದೇ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆ. ಸುಗ್ಗಿ ಮುಗಿದು ಹೊಲಗಳು ಖಾಲಿಯಾದವೆಂದರೆ ಮುಂಗಾರು ಹಿಡಿಯುವವರೆಗೂ ಇಲ್ಲಿನ ದಾರಿಗಳಲ್ಲಿ ಸಣ್ಣ ಟ್ರ್ಯಾಕ್ಟರುಗಳದೇ ಸದ್ದು. ಟ್ರ್ಯಾಕ್ಟರಿನ ಹಿಂದಿನ ಬ್ಲೇಡು ಹೊಲದ ಮೈಯನ್ನು ಕೆರೆದು ಗುಡ್ಡೆ ಹಾಕುತ್ತದೆ. ಪಕ್ಕದಲ್ಲಿ ಎರಡು ಗಳ ನೆಟ್ಟು ಕಬ್ಬಿಣದ ಜಾಲರಿಯನ್ನು ಓರೆಯಾಗಿ ಒರಗಿಸಿರುತ್ತಾರೆ. ಕೂಲಿಯವರು, ಅವರಲ್ಲಿ ಹೆಂಗಸರೇ ಹೆಚ್ಚು, ಮಂಕರಿಯಲ್ಲಿ ಮಣ್ಣು ತುಂಬಿ ಜಾಲರಿಗೆ ಎಸೆಯುತ್ತಾರೆ. ನಯವಾದದ್ದು ಆಚೆ ಬೀಳುತ್ತದೆ. ಕಲ್ಲು, ಹೆಂಟೆ, ಕೂಳೆ, ಬೇರು, ಗರಿಕೆಗಡ್ಡೆಗಳು ಈಚೆ ಉರುಳುತ್ತವೆ. ಆಚೆ ಬಿದ್ದದ್ದು ಟ್ರೈಲರಿಗೆ, ಈಚೆ ಉರುಳಿದ್ದು ಹೊಲಕ್ಕೆ. ಅಡುಗೆಮನೆಯಲ್ಲಿ ನಾವು ಜರಡಿ ಹಿಡಿದು ಹಿಟ್ಟನ್ನು ಇಟ್ಟುಕೊಳ್ಳುತ್ತೇವೆ, ತೌಡನ್ನು ದನಕ್ಕೆ ಹಾಕುತ್ತೇವೆ. ಇಲ್ಲಿ ಹಿಟ್ಟನ್ನು ಮಾರಿ ತೌಡನ್ನು ಮನೆಗೆ ಉಳಿಸಿಕೊಂಡ ಹಾಗಾಯಿತು.

ಜರಡಿ ಹಿಡಿದ ಮಣ್ಣು ಹೋಗುವುದು ಪೇಟೆಯ ಬಡಾವಣೆಗಳ ಹೂದೋಟಕ್ಕೆ, ನರ್ಸರಿಯ ಚೀಲಕ್ಕೆ, ತಾರಸಿಯ ಕುಂಡಕ್ಕೆ. ಜರಡಿ ಹಿಡಿಯದ್ದು ಇಟ್ಟಿಗೆ ಗೂಡಿಗೆ, ಇಲ್ಲವೇ ತಗ್ಗಿನ ಸೈಟು ತುಂಬಲು.

ಒಂದು ಲೋಡು ಮಣ್ಣು ಎಂದರೆ ಎಷ್ಟೆಂದು ಲೆಕ್ಕ ಹಾಕೋಣ. ಐದನೆಯ ತರಗತಿಯ ಗಣಿತ ಸಾಕು. ಟ್ರೈಲರಿನಲ್ಲಿ ಸುಮಾರು 100 ಘನ ಅಡಿ ಹಿಡಿಯುತ್ತದೆ. ಹೊಲದ ಮೇಲಿನಿಂದ ಒಂದೇ ಒಂದು ಇಂಚಿನಷ್ಟು ಕೆರೆದರೆ, ಒಂದು ಲೋಡು ತುಂಬಲು 1,200 ಚದರ ಅಡಿ ಜಾಗ ಬೇಕು. 1,200 ಚದರ ಅಡಿ ಎಂದರೆ ಮೂವತ್ತು ನಲವತ್ತರ ಸೈಟು. ಅಂದರೆ ನಿಮ್ಮ ಗೇಟಿನ ಮುಂದೆ ಒಂದು ಲೋಡು ಸುರಿದಾಗ, ನಿಮ್ಮ ಇಡೀ ಸೈಟಿನಷ್ಟು ಅಗಲದ ಹೊಲ ಎಲ್ಲೋ ಒಂದು ಇಂಚು ಕುಸಿಯಿತೆಂದೇ ತಿಳಿಯಿರಿ. ಒಂದು ಎಕರೆಗೆ 43,560 ಚದರ ಅಡಿ. ಅರ್ಧ ಅಡಿ ಕೆರೆದರೆ 21,780 ಘನ ಅಡಿ, ಹೆಚ್ಚುಕಡಿಮೆ 218 ಲೋಡು. ಅಷ್ಟನ್ನು ಹೊರಲು ಸಣ್ಣ ಟ್ರ್ಯಾಕ್ಟರಿಗೆ ದಿನಕ್ಕೆ ಹತ್ತು ಲೋಡಿನಂತೆ ಮೂರು ವಾರ ಸಾಕು.

ಆ ಅರ್ಧ ಅಡಿಯಲ್ಲೇ ಹೊಲದ ಜೀವ ಇರುವುದು. ಎರೆಹುಳು, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು, ಕೊಳೆತ ಎಲೆ, ಹಾಕಿದ ಗೊಬ್ಬರದ ಸಾರ, ಮಳೆಯ ನೀರನ್ನು ಹಿಡಿದಿಡುವ ಗುಣ ಎಲ್ಲವೂ ಅಲ್ಲಿಯೇ. ಅದರ ಕೆಳಗಿನ ಗೊಚ್ಚುಮಣ್ಣು ನೋಡಲು ಕೆಂಪಗೆ ಚೆಂದವಾಗಿರಬಹುದು, ಬೆಳೆ ಕೊಡುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟಲು ಸಾವಿರ ವರ್ಷದವರೆಗೂ ಹಿಡಿಯಬಹುದು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ನಮ್ಮ ಜಿಲ್ಲೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಪ್ರತಿಷ್ಠೆಯಾದದ್ದು 1117ರಲ್ಲಿ. ಅದಕ್ಕೇ ಇನ್ನೂ ಸಾವಿರ ತುಂಬಿಲ್ಲ. ಅಲ್ಲಿನ ಒಂದು ಶಿಲಾಬಾಲಿಕೆಯ ಕಿರುಬೆರಳು ಮುರಿದರೆ ಊರಿಗೆ ಊರೇ ಹೌಹಾರುತ್ತದೆ. ಅದಕ್ಕಿಂತ ಹಳೆಯದೊಂದು ವಸ್ತು ದಿನವೂ ಟ್ರೈಲರಿನಲ್ಲಿ ಹೋಗುತ್ತಿದ್ದರೆ, "ಧೂಳು ಬರುತ್ತೆ, ಕಿಟಕಿ ಹಾಕು" ಎನ್ನುತ್ತೇವೆ.

ಇದನ್ನು ಮಕ್ಕಳಿಗೆ ತಿಳಿಸಲು ನಾನು ತರಗತಿಯಲ್ಲಿ ಒಂದು ಸುಲಭದ ಪ್ರಯೋಗ ಮಾಡಿಸುತ್ತೇನೆ. ಎರಡು ಡಬ್ಬಿ. ಒಂದಕ್ಕೆ ಹೊಲದ ಮೇಲ್ಮಣ್ಣು, ಇನ್ನೊಂದಕ್ಕೆ ಅದೇ ಜಾಗದಲ್ಲಿ ಒಂದೂವರೆ ಅಡಿ ಕೆಳಗಿನದು. ಎರಡಕ್ಕೂ ನಾಲ್ಕು ನಾಲ್ಕು ಹೆಸರುಕಾಳು, ಅಷ್ಟೇ ನೀರು. ಮೊದಲ ವಾರ ಎರಡೂ ಒಂದೇ ಥರ ಮೊಳೆಯುತ್ತವೆ, ಏಕೆಂದರೆ ಬೀಜದೊಳಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಬುತ್ತಿ ಮುಗಿದ ಮೇಲೆ, ಮೂರನೆಯ ವಾರದ ಹೊತ್ತಿಗೆ, ಒಂದು ಡಬ್ಬಿಯ ಗಿಡ ಹಸಿರಾಗಿ ನಿಂತಿರುತ್ತದೆ, ಇನ್ನೊಂದರದು ಹಳದಿಗೆ ತಿರುಗಿರುತ್ತದೆ. ಹತ್ತು ವರ್ಷದ ಮಗುವಿಗೆ ಇಷ್ಟು ಸಾಕು. ದೊಡ್ಡವರಿಗೆ ಇನ್ನೂ ಒಂದಷ್ಟು ಹೇಳಬೇಕಾಗುತ್ತದೆ.

2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಕಾರ್ಡಿನ ಯೋಜನೆ ತಂದಿತು. ಒಳ್ಳೆಯ ಯೋಜನೆಯೇ. ಹೊಲದ ಮಣ್ಣಿನ ಮಾದರಿ ತೆಗೆದು, ಸಾರಜನಕ ಎಷ್ಟು, ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಎಂದು ಬರೆದುಕೊಡುತ್ತಾರೆ. ಮಾದರಿ ತೆಗೆಯುವುದು ಮೇಲಿನ 15-20 ಸೆಂಟಿಮೀಟರಿನಲ್ಲಿ, ಅಂದರೆ ಅದೇ ಅರ್ಧ ಅಡಿಯಲ್ಲಿ. ಆ ಅರ್ಧ ಅಡಿಯನ್ನು ಮಾರಿದ ಮೇಲೆ ಕಾರ್ಡು ಮನೆಯ ಟ್ರಂಕಿನಲ್ಲಿ ಉಳಿಯುತ್ತದೆ, ಅದರಲ್ಲಿ ಬರೆದ ಮಣ್ಣು ಯಾರದೋ ಕಾಂಪೌಂಡಿನೊಳಗೆ ಗುಲಾಬಿ ಬೆಳೆಸುತ್ತಿರುತ್ತದೆ.

ಈಗ ನಿಜವಾದ ಮಾತಿಗೆ ಬರುತ್ತೇನೆ. ಈ ಮಣ್ಣನ್ನು ಮಾಡಿದವರು ಯಾರು? ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಸಗಣಿ ಗಂಜಲ ಕಸಕಡ್ಡಿಯನ್ನೆಲ್ಲ ತಿಪ್ಪೆಗೆ ಹೊತ್ತವರು ಯಾರು? ಬೇಸಿಗೆಯಲ್ಲಿ ಆ ಗೊಬ್ಬರವನ್ನು ತಲೆಯ ಮೇಲೆ ಹೊತ್ತು ಹೊಲಕ್ಕೆ ಹರಡಿದವರು ಯಾರು? ಅತ್ತೆ, ಅತ್ತೆಯ ಅತ್ತೆ, ಸೊಸೆ. ಮಾರುವಾಗ ಮಾತ್ರ ಅವರನ್ನು ಯಾರೂ ಕೇಳುವುದಿಲ್ಲ. ಏಕೆಂದರೆ ಹೊಲ ಮಾರುವುದಾದರೆ ಕಾಗದಪತ್ರ ಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. 1994ರಲ್ಲಿ ನಮ್ಮ ಕರ್ನಾಟಕವೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂತು. 2020ರಲ್ಲಿ ಸುಪ್ರೀಂ ಕೋರ್ಟು ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಖಚಿತಮಾಡಿತು. ಹಾಗಾಗಿ ಇವತ್ತು ಪಿತ್ರಾರ್ಜಿತ ಜಮೀನು ಕೊಳ್ಳುವವನು "ಹೆಣ್ಣುಮಕ್ಕಳ ಸಹಿ ಆಗಿದೆಯಾ?" ಎಂದು ಮೊದಲು ಕೇಳುತ್ತಾನೆ. ಮಣ್ಣು ಕೊಳ್ಳುವವನು ಏನನ್ನೂ ಕೇಳುವುದಿಲ್ಲ. ಲೋಡಿಗೆ ಇಷ್ಟೆಂದು ಎಣಿಸಿಕೊಟ್ಟು ಹೋಗುತ್ತಾನೆ. ಪಹಣಿಯಲ್ಲಿ ಸರ್ವೆ ನಂಬರು ಅದೇ, ಎಕರೆ ಗುಂಟೆ ಅದೇ, ಹೆಸರೂ ಅದೇ. ಮೂವತ್ತು ವರ್ಷ ಕಾದು ಪಡೆದ ಪಾಲನ್ನು ಮೂರು ವಾರದಲ್ಲಿ ಒಂದೂ ಸಹಿಯಿಲ್ಲದೆ ಸಾಗಿಸಿಬಿಡಬಹುದು. ಹೆಣ್ಣುಮಗಳ ಕೈಗೆ ಕಾನೂನು ಕೊಟ್ಟಿದ್ದು ಹೊಲವನ್ನು. ಅವಳಿಗೆ ಸಿಗುವುದು ಗೊಚ್ಚು.

ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬೇರೆ ಊರಿಗೆ ಹೋಗಿದ್ದಳು. ತಿರುಗಿ ಬಂದು ನೋಡಿದರೆ ಬದುವಿನಿಂದ ಹೊಲ ಗೇಣುದ್ದ ಕೆಳಗಿಳಿದಿತ್ತು. ನನ್ನೊಡನೆ ಹೇಳಿಕೊಂಡಳು: "ಹೊಲ ಎಲ್ಲೂ ಹೋಗಿಲ್ಲ, ಅಲ್ಲೇ ಐತಲ್ಲ ಅಂತಾರೆ ಟೀಚರಮ್ಮ, ನಮ್ಮನೆಯೋರು. ಅಲ್ಲೇ ಐತೆ, ನಾನೂ ನೋಡ್ದೆ. ರಾಗಿ ಚೆಲ್ಲಿದ್ರೆ ಹುಟ್ತದಾ ಅಂತ ಕೇಳಿದ್ರೆ ಮಾತಾಡಲ್ಲ." ದುಡ್ಡು ಏನಾಯಿತೆಂದು ನಾನು ಕೇಳಲಿಲ್ಲ. ಹಳೆಯ ಸಾಲಕ್ಕೆ ಹೋಗಿತ್ತೆಂದು ಆಮೇಲೆ ಅವಳೇ ಹೇಳಿದಳು.

"ಸಾಲದಲ್ಲಿರುವ ರೈತ ತನ್ನ ಹೊಲದ ಮಣ್ಣು ಮಾರಿದರೆ ನಿಮಗೇನು ಕಷ್ಟ?" ಎಂದು ಕೇಳುವವರಿದ್ದಾರೆ. ಆಲೂಗೆಡ್ಡೆಗೆ ಅಂಗಮಾರಿ ಬಂದ ವರ್ಷ, ಶುಂಠಿಯ ಬೆಲೆ ಬಿದ್ದ ವರ್ಷ ನಮ್ಮ ತಾಲ್ಲೂಕಿನ ಮನೆಗಳಲ್ಲಿ ಏನಾಗುತ್ತದೆಂದು ನಾನು ಬಲ್ಲೆ. ಫೀಸು ಕಟ್ಟಲಾಗದೆ ಮಕ್ಕಳು ತಲೆ ತಗ್ಗಿಸಿ ನಿಲ್ಲುವುದನ್ನು ಕಂಡವಳು ನಾನು. ಆದರೆ ಹಸುವಿನ ಹಾಲು ಮಾರುವುದು ಬೇರೆ, ಕೆಚ್ಚಲನ್ನೇ ಕೊಯ್ದು ಮಾರುವುದು ಬೇರೆ. ಮಣ್ಣು ಮಾರಿದ ದುಡ್ಡು ಒಂದು ಸಾಲವನ್ನು ತೀರಿಸುತ್ತದೆ, ಮುಂದಿನ ವರ್ಷ ಎರಡು ಪಟ್ಟು ಗೊಬ್ಬರ ಕೊಳ್ಳಲು ಇನ್ನೊಂದು ಸಾಲ ಮಾಡಿಸುತ್ತದೆ. ಅವನ ಕಷ್ಟ ನಿಜ. ಆ ಕಷ್ಟವನ್ನು ಅಗ್ಗದ ಬೆಲೆಗೆ ಕೊಳ್ಳುವ ನಾವು ಉಪಕಾರ ಮಾಡಿದೆವೆಂದು ಮಾತ್ರ ಹೇಳಿಕೊಳ್ಳಬಾರದು.

"ಕಾನೂನು ಇದೆಯಲ್ಲ" ಎನ್ನುವವರೂ ಇದ್ದಾರೆ. ಇದೆ, ನೋಡಿ ಹೇಗಿದೆ. ಗಣಿಗಾರನು ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಮತ್ತೆ ಬಳಸಬೇಕೆಂದು 1988ರ ಖನಿಜ ಸಂರಕ್ಷಣಾ ಮತ್ತು ಅಭಿವೃದ್ಧಿ ನಿಯಮಗಳಲ್ಲೇ ಇತ್ತು. ಅವುಗಳ ಜಾಗಕ್ಕೆ ಬಂದ 2017ರ ನಿಯಮಗಳಲ್ಲೂ ಇದೆ. ಇಟ್ಟಿಗೆಗಾಗಿ ಮೇಲ್ಮಣ್ಣು ಅಗೆಯುವುದನ್ನು ತಡೆಯಬೇಕೆಂದು ಕೇಂದ್ರದ ಪರಿಸರ ಇಲಾಖೆ 1999ರಲ್ಲಿ ಅಧಿಸೂಚನೆ ಹೊರಡಿಸಿತು; ಅದು ಅನ್ವಯವಾದದ್ದು ಉಷ್ಣ ವಿದ್ಯುತ್ ಸ್ಥಾವರಗಳ ಸುತ್ತಳತೆಗೆ, ಅಲ್ಲಿನ ಹಾರುಬೂದಿಯನ್ನು ಇಟ್ಟಿಗೆಗೆ ಬಳಸಲಿ ಎಂದು. 2000ದ ಫೆಬ್ರವರಿಯಲ್ಲಿ, ಕಟ್ಟಡ ರಸ್ತೆಗಳಿಗೆ ತುಂಬಲು ಬಳಸುವ ಸಾಮಾನ್ಯ ಮಣ್ಣನ್ನು ಉಪಖನಿಜವೆಂದು ಘೋಷಿಸಲಾಯಿತು. ಅಲ್ಲಿಗೆ ಅದಕ್ಕೆ ಪರವಾನಗಿ ಬಂತು, ರಾಜಧನ ಬಂತು. ಮಣ್ಣು ಖನಿಜವಾಯಿತು. ಅದು ಅನ್ನ ಕೊಡುವ ವಸ್ತುವೆಂಬುದು ಆ ಪುಟದಲ್ಲಿ ಇಲ್ಲ.

ಜರಡಿಯ ಅತಿರೇಕ ನೋಡಬೇಕಾದರೆ ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆಗೆ ಕಣ್ಣು ಹಾಯಿಸಬೇಕು. ಹೊಲದ, ಕೆರೆಯಂಗಳದ ಮಣ್ಣನ್ನು ಅಗೆದು, ಅದರ ಮೇಲೆ ನೀರು ಬಿಟ್ಟು ತೊಳೆದು, ಉಳಿದ ಮರಳನ್ನು 'ಫಿಲ್ಟರ್ ಮರಳು' ಎಂದು ಮನೆ ಕಟ್ಟುವವರಿಗೆ ಮಾರಿದರು. ನಯವಾದ ಫಲವತ್ತಾದ ಭಾಗವೆಲ್ಲ ಕೊಚ್ಚೆಯಾಗಿ ಹರಿದುಹೋಯಿತು. ಕುಡಿಯುವ ನೀರಿಗೆ ಪರದಾಡುವ ಜಿಲ್ಲೆಗಳಲ್ಲಿ ಮಣ್ಣು ತೊಳೆಯಲು ನೀರು! ಅದು ಕಾನೂನುಬಾಹಿರ. ಆದರೂ ಕೊಳ್ಳುವವರಿದ್ದುದರಿಂದಲೇ ಅದು ನಡೆಯಿತು.

ಟ್ರ್ಯಾಕ್ಟರನ್ನು ನಾನು ಬೈಯುತ್ತಿಲ್ಲ. ಸಣ್ಣ ಹಿಡುವಳಿಯ ರೈತನಿಗೆ ಅದು ಎತ್ತಿನ ಜಾಗದಲ್ಲಿ ನಿಂತಿದೆ. ಸರ್ಕಾರ ಸಬ್ಸಿಡಿ ಕೊಡುವುದೂ ಅದಕ್ಕೇ. ಅದೇ ಟ್ರ್ಯಾಕ್ಟರು, ಅದೇ ಜರಡಿ ಸರಿಯಾದ ದಿಕ್ಕಿನಲ್ಲೂ ಹೋಗಬಹುದು. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರವರು ಗಾಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಕೊಚ್ಚಿಕೊಂಡು ಹೋದ ಹೊಲದ ಸಾರ ಹೀಗೆ ಮತ್ತೆ ಹೊಲಕ್ಕೇ ಬರುತ್ತಿತ್ತು, ಕೆರೆಯ ಹೂಳೂ ಹೋಗುತ್ತಿತ್ತು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ರಾಜ್ಯದಲ್ಲಿ ಶುರುವಾದ ಕೆರೆ ಅಭಿವೃದ್ಧಿ ಯೋಜನೆಯಲ್ಲೂ ರೈತರು ಗೋಡು ಒಯ್ದರು. ಏರುತಗ್ಗಿನ ಹೊಲವನ್ನು ಸಮ ಮಾಡುವಾಗಲೂ ಅಷ್ಟೇ. ಮೇಲ್ಮಣ್ಣನ್ನು ಮೊದಲು ಒಂದು ಬದಿಗೆ ಸರಿಸಿಟ್ಟು, ಕೆಳಗಿನದನ್ನು ಸಮ ಮಾಡಿ, ಮತ್ತೆ ಮೇಲೆ ಹರಡುವವನು ಬುದ್ಧಿವಂತ. ಕೆರೆಯಿಂದ ಹೊಲಕ್ಕೆ ಹೋಗುವ ಟ್ರೈಲರಿಗೆ ನಾನೇ ಕೈಮುಗಿಯುತ್ತೇನೆ. ಹೊಲದಿಂದ ಬಡಾವಣೆಗೆ ಹೋಗುವುದನ್ನು ನಿಲ್ಲಿಸಬೇಕು.

ನಿಲ್ಲಿಸುವ ಶಕ್ತಿ ಪೇಟೆಯ ನಮ್ಮ ಅಕ್ಕತಂಗಿಯರ ಕೈಯಲ್ಲೇ ಇದೆ. ಮನೆ ಕಟ್ಟಲು ಪಾಯ ತೆಗೆಯುವ ದಿನ, ಮೇಸ್ತ್ರಿಗೆ ಹೇಳಿ ಮೇಲಿನ ಅರ್ಧ ಅಡಿ ಮಣ್ಣನ್ನು ಒಂದು ಮೂಲೆಯಲ್ಲಿ ಬೇರೆ ಹಾಕಿಸಿ. ಗೃಹಪ್ರವೇಶದ ಹೊತ್ತಿಗೆ ತೋಟಕ್ಕೆ ಅದೇ ಆಗುತ್ತದೆ. ತರಕಾರಿ ಸಿಪ್ಪೆ, ಟೀ ಚರಟ, ಒಣಗಿದ ಎಲೆಗಳನ್ನು ಒಂದು ತೂತಿನ ಡ್ರಮ್ಮಿನಲ್ಲಿ ಕೊಳೆಯಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ನಮ್ಮಜ್ಜಿಯರ ತಿಪ್ಪೆಯೇ ಅದು, ಹೆಸರು ಮಾತ್ರ ಬೇರೆ. ಸೈಟು ತಗ್ಗಿನಲ್ಲಿದ್ದರೆ ತುಂಬಲು ಒಡೆದ ಕಟ್ಟಡದ ಕಲ್ಲು ಗಾರೆ ಸಾಕು. ಪಾಯದ ಅಡಿಯಲ್ಲಿ ರಾಗಿ ಬೆಳೆಯುವುದೇನೂ ಇಲ್ಲವಲ್ಲ.

ಇಷ್ಟಾದರೂ ಒಂದು ಲೋಡು ಬೇಕೇ ಬೇಕೆನಿಸಿದರೆ, ತರುವವನನ್ನು ಮೂರು ಪ್ರಶ್ನೆ ಕೇಳಿ. ಇದು ಕೆರೆಯದೋ, ಹೊಲದ್ದೋ? ಕೆರೆಯದಾದರೆ ಪಂಚಾಯಿತಿಯ ಒಪ್ಪಿಗೆ ಇದೆಯೋ? ಹೊಲದ್ದಾದರೆ ಆ ಮನೆಯ ಹೆಂಗಸರಿಗೆ ಗೊತ್ತಿದೆಯೋ? ಸೀರೆ ಕೊಳ್ಳುವಾಗ ಅಂಚು ಸೆರಗು ಬಣ್ಣವೆಂದು ಹತ್ತು ಪ್ರಶ್ನೆ ಕೇಳುವವರಿಗೆ ಇದು ಕಷ್ಟವಲ್ಲ. ಮೂರನೆಯದಕ್ಕೆ ಅವನು ತಡವರಿಸಿದರೆ, ಟ್ರ್ಯಾಕ್ಟರನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸಿ.