ಒಲೆ ಹಚ್ಚದ ಟ್ಯೂನಾ ಸಲಾಡ್: ಹೆದರಬೇಕಾದ್ದು ಡಬ್ಬಿಗೋ, ಎಲೆಗೋ?

ಬೇಸಿಗೆ ಬಂತೆಂದರೆ ಮೊಬೈಲಿನಲ್ಲಿ ಇಂಥ ವಿಡಿಯೋಗಳ ಓಡಾಟ ಜೋರಾಗುತ್ತದೆ. ಡಬ್ಬಿ ತೆರೆದು ಟ್ಯೂನಾ ಮೀನನ್ನು ಬಟ್ಟಲಿಗೆ ಹಾಕುತ್ತಾರೆ. ಈರುಳ್ಳಿ, ಸೌತೆಕಾಯಿ, ನಿಂಬೆರಸ, ಕಾಳುಮೆಣಸಿನ ಪುಡಿ ಬೆರೆಸುತ್ತಾರೆ. ಲೆಟ್ಯೂಸ್ ಎಲೆಯಲ್ಲಿಟ್ಟು ಬೀಡಾದಂತೆ ಮಡಚಿ ತಿನ್ನುತ್ತಾರೆ. ಒಲೆ ಹಚ್ಚುವ ಕೆಲಸವೇ ಇಲ್ಲ, ಹತ್ತು ನಿಮಿಷದಲ್ಲಿ ಊಟ ಸಿದ್ಧ.

ಅದರ ಬೆನ್ನಿಗೇ ಎಚ್ಚರಿಕೆಯ ಸಂದೇಶಗಳೂ ಬರುತ್ತವೆ. ‘ಡಬ್ಬಿಯ ಮೀನು ಹಸಿ, ರಾಸಾಯನಿಕ ಹಾಕಿ ಇಟ್ಟಿರುತ್ತಾರೆ’, ‘ಟ್ಯೂನಾದಲ್ಲಿ ಪಾದರಸವಿದೆ’, ‘ಸೊಪ್ಪಿನ ಹುಳು ಮೆದುಳಿಗೆ ಹೋಗುತ್ತದೆ’, ‘ಉಪ್ಪುನೀರಿನಲ್ಲಿ ನೆನೆಸಿದರೆ ಎಲ್ಲ ಕ್ರಿಮಿ ಸಾಯುತ್ತವೆ’. ಇವುಗಳಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಡಬ್ಬಿಯ ಟ್ಯೂನಾ ಹಸಿ ಮೀನೇ?

ಅಲ್ಲ. ಅದು ಪೂರ್ತಿ ಬೆಂದ ಮೀನು. ಡಬ್ಬಿಗೆ ಮೀನು ತುಂಬಿ, ಗಾಳಿಯಾಡದಂತೆ ಮುಚ್ಚಿ, ಆಮೇಲೆ ದೊಡ್ಡ ಪ್ರೆಷರ್ ಕುಕ್ಕರಿನಂಥ ಯಂತ್ರದಲ್ಲಿ 115ರಿಂದ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಕುದಿಯುವ ನೀರಿಗೂ ಸಾಯದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಈ ಶಾಖಕ್ಕೆ ನಾಶವಾಗುತ್ತವೆ. ಡಬ್ಬಿ ಮುಚ್ಚಿರುವುದರಿಂದ ಹೊಸ ಕ್ರಿಮಿ ಒಳಹೋಗಲು ದಾರಿಯಿಲ್ಲ. ಹಾಗಾಗಿ ಮೀನು ವರ್ಷಗಟ್ಟಲೆ ಕೆಡದಿರಲು ಸಂರಕ್ಷಕ ರಾಸಾಯನಿಕ ಬೇಕಿಲ್ಲ, ಶಾಖ ಮತ್ತು ಮುಚ್ಚಳವೇ ಸಾಕು. ಫ್ರಾನ್ಸಿನ ನಿಕೋಲಾ ಅಪೇರ್ ಈ ವಿಧಾನಕ್ಕೆ 1810ರಲ್ಲಿ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದಿದ್ದ. ರೋಗಾಣುಗಳ ಬಗ್ಗೆ ಲೂಯಿ ಪಾಶ್ಚರ್ ವಿವರಿಸಿದ್ದು ಅದಾಗಿ ಅರ್ಧ ಶತಮಾನದ ಬಳಿಕ.

ಆದರೆ ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ಅಂಚಿನಲ್ಲಿ ಜಜ್ಜಿಹೋಗಿದ್ದರೆ ಈ ಮಾತು ಅನ್ವಯಿಸುವುದಿಲ್ಲ. ಅಂಥದ್ದನ್ನು ರುಚಿ ನೋಡಲೂ ಹೋಗದೆ ಎಸೆಯಿರಿ.

ಪಾದರಸದ ಮಾತು ನಿಜವೇ?

ನಿಜ, ಆದರೆ ಅರ್ಧ ಮಾತ್ರ. ಸಮುದ್ರದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ತಿನ್ನುತ್ತಾ ಹೋದಂತೆ ಪಾದರಸವೂ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಟ್ಯೂನಾದಲ್ಲೂ ಹಲವು ಜಾತಿಗಳಿವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪರೀಕ್ಷೆಗಳಲ್ಲಿ, ‘ಲೈಟ್’ ಎಂದು ಬರೆದಿರುವ ಡಬ್ಬಿಯ ಟ್ಯೂನಾದಲ್ಲಿ ಸರಾಸರಿ ಹತ್ತು ಲಕ್ಷಕ್ಕೆ 0.13 ಭಾಗದಷ್ಟು ಪಾದರಸ ಕಂಡುಬಂದಿದೆ. ಇದು ಹೆಚ್ಚಾಗಿ ಸ್ಕಿಪ್‌ಜಾಕ್ ಎಂಬ ಸಣ್ಣ ಜಾತಿ. ‘ವೈಟ್’ ಅಥವಾ ಆಲ್ಬಕೋರ್ ಟ್ಯೂನಾದಲ್ಲಿ 0.35, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು.

ಗರ್ಭಿಣಿಯರಿಗೂ ಮಗುವಿಗೆ ಹಾಲೂಡಿಸುವವರಿಗೂ ಅದೇ ಸಂಸ್ಥೆ ಕೊಡುವ ಸಲಹೆ ಹೀಗಿದೆ: ಕಡಿಮೆ ಪಾದರಸದ ಮೀನುಗಳ ಪಟ್ಟಿಯಲ್ಲಿರುವ ಲೈಟ್ ಟ್ಯೂನಾವನ್ನು ಆ ಪಟ್ಟಿಯ ಬೇರೆ ಮೀನುಗಳೊಂದಿಗೆ ಸೇರಿಸಿ ವಾರಕ್ಕೆ ಎರಡು-ಮೂರು ಬಾರಿ ತಿನ್ನಬಹುದು. ಆಲ್ಬಕೋರ್ ಆದರೆ ವಾರಕ್ಕೆ ಒಂದೇ ಬಾರಿ, ಆ ವಾರ ಬೇರೆ ಮೀನು ಬೇಡ. ಇಲ್ಲಿ ಒಂದು ಬಾರಿ ಎಂದರೆ ಸುಮಾರು 110 ಗ್ರಾಂ. ಆದ್ದರಿಂದ ಡಬ್ಬಿ ಕೊಳ್ಳುವಾಗ ಮೀನಿನ ಜಾತಿ ಓದಿ.

ಸೊಪ್ಪಿನ ಹುಳು ಮೆದುಳಿಗೆ ಹೋಗುತ್ತದೆಯೇ?

ಎಲೆಕೋಸಿನ ಹೆಸರಿನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಸಂದೇಶವಿದು. ಎಲೆಯ ಮೇಲೆ ಹರಿದಾಡುವ ಹಸಿರು ಹುಳು ಚಿಟ್ಟೆಯ ಅಥವಾ ಪತಂಗದ ಮರಿ. ಅದು ಯಾರ ಮೆದುಳಿಗೂ ಹೋಗುವುದಿಲ್ಲ.

ಹಾಗೆಂದು ಸಂದೇಶ ಪೂರ್ತಿ ಸುಳ್ಳಲ್ಲ. ಸರಿಯಾಗಿ ಬೇಯದ ಹಂದಿಮಾಂಸದಿಂದ ಮನುಷ್ಯನ ಹೊಟ್ಟೆ ಸೇರುವ ಲಾಡಿಹುಳು ಒಂದಿದೆ. ಅದರ ಮೊಟ್ಟೆಗಳು ಮಲದ ಮೂಲಕ ಹೊರಬರುತ್ತವೆ. ಕೊಳಚೆ ನೀರು ಹಾಯಿಸಿದ ಹೊಲದ ಸೊಪ್ಪು, ತರಕಾರಿಗೆ ಅವು ಅಂಟಿಕೊಳ್ಳಬಹುದು. ಕಣ್ಣಿಗೆ ಕಾಣದ ಆ ಮೊಟ್ಟೆ ಹೊಟ್ಟೆ ಸೇರಿದರೆ ಮರಿಗಳು ರಕ್ತದೊಂದಿಗೆ ಮೆದುಳಿಗೂ ಹೋಗಿ ಗಂಟು ಕಟ್ಟಬಲ್ಲವು, ಫಿಟ್ಸ್ ಬರಬಹುದು. ಈ ಸೋಂಕು ಹೆಚ್ಚಿರುವ ಅನೇಕ ಕಡೆ ಮೂರ್ಛೆರೋಗದ ಶೇ. 30ರಷ್ಟು ಪ್ರಕರಣಗಳಿಗೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಂದಿಮಾಂಸ ಮುಟ್ಟದ ಸಸ್ಯಾಹಾರಿಗಳಿಗೂ ಇದು ಬರುವುದು ಈ ದಾರಿಯಲ್ಲೇ.

ಎಲೆಕೋಸನ್ನು ಪಲ್ಯಕ್ಕೆ ಬೇಯಿಸುತ್ತೇವೆ, ಮೊಟ್ಟೆ ಸಾಯುತ್ತದೆ. ಲೆಟ್ಯೂಸನ್ನು ಬೇಯಿಸುವುದೇ ಇಲ್ಲ. ಈ ಊಟದ ಮುಖ್ಯ ಸಂಗತಿ ಇದೇ: ಮೀನು ಕಾರ್ಖಾನೆಯಲ್ಲೇ ಬೆಂದು ಬಂದಿದೆ, ಎಲೆ ಎಲ್ಲಿಯೂ ಬೆಂದಿಲ್ಲ.

ಮುಂದುವರಿದ ದೇಶಗಳಲ್ಲೂ ಇದು ಸಣ್ಣ ವಿಷಯವಲ್ಲ. 2018ರಲ್ಲಿ ಅಮೆರಿಕದ ಅರಿಜೋನಾದ ಯೂಮಾ ಪ್ರದೇಶದಲ್ಲಿ ಬೆಳೆದ ರೊಮೇನ್ ಲೆಟ್ಯೂಸ್‌ನಿಂದ ಇ. ಕೋಲಿ ಸೋಂಕು ಹರಡಿ 36 ರಾಜ್ಯಗಳಲ್ಲಿ 210 ಜನ ಕಾಯಿಲೆ ಬಿದ್ದರು, ಐವರು ಸತ್ತರು. ಅದೇ ರೋಗಾಣು ಅಲ್ಲಿನ ನೀರಾವರಿ ಕಾಲುವೆಯ ನೀರಿನಲ್ಲಿ ಸಿಕ್ಕಿತು.

ಉಪ್ಪುನೀರು ಕ್ರಿಮಿ ಕೊಲ್ಲುತ್ತದೆಯೇ?

ಮನೆಯಲ್ಲಿ ಹಾಕುವ ಒಂದೆರಡು ಚಮಚ ಉಪ್ಪು ಅಥವಾ ಅರಿಶಿನ ರೋಗಾಣುಗಳನ್ನಾಗಲಿ ಲಾಡಿಹುಳುವಿನ ಮೊಟ್ಟೆಯನ್ನಾಗಲಿ ಕೊಲ್ಲುತ್ತದೆ ಎಂದು ನಂಬುವಂತಿಲ್ಲ. ನೆನೆಸಿದಾಗ ಮಣ್ಣು, ಹುಳು ಬಿಟ್ಟುಕೊಳ್ಳುತ್ತವೆ, ಅಷ್ಟು ಲಾಭವಿದೆ. ನಿಜವಾದ ಕೆಲಸ ಮಾಡುವುದು ಹರಿಯುವ ನೀರು ಮತ್ತು ಬೆರಳಿನ ಉಜ್ಜುವಿಕೆ. ಅದೂ ಕ್ರಿಮಿಗಳನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತೆಗೆಯುವುದಿಲ್ಲ. ಪಾತ್ರೆ ತೊಳೆಯುವ ಸೋಪು ಬಳಸಲೇಬೇಡಿ, ಎಲೆ ಅದನ್ನು ಹೀರಿಕೊಳ್ಳಬಹುದು.

ಹೊರಗಿನ ಎರಡು-ಮೂರು ಎಲೆ ಎಸೆಯಿರಿ. ಉಳಿದವನ್ನು ಬಿಡಿಸಿ, ಒಂದೊಂದನ್ನೂ ಎರಡೂ ಬದಿ ನಲ್ಲಿಯ ಕೆಳಗೆ ಉಜ್ಜಿ ತೊಳೆಯಿರಿ. ಕೊನೆಯ ತೊಳೆತ ಕುಡಿಯುವ ನೀರಿನಲ್ಲಿರಲಿ. ಶುಭ್ರ ಬಟ್ಟೆಯಲ್ಲಿ ಒರೆಸಿ. ಅದಕ್ಕೂ ಮೊದಲು ನಿಮ್ಮ ಕೈ ಸೋಪಿನಿಂದ ತೊಳೆದಿರಲಿ.

ಡಬ್ಬಿ ತೆರೆದ ಮೇಲೆ ಗಡಿಯಾರ ನೋಡಿ

ಡಬ್ಬಿ ತೆರೆದ ಕ್ಷಣಕ್ಕೆ ಅದರ ರಕ್ಷಣೆ ಮುಗಿಯಿತು. 5ರಿಂದ 60 ಡಿಗ್ರಿ ನಡುವೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಕಲಸಿದ ಸಲಾಡ್ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಇದನ್ನು ಬೆಳಿಗ್ಗೆ ಡಬ್ಬಿಗೆ ಹಾಕಿ ಮಧ್ಯಾಹ್ನ ಆಫೀಸಿನಲ್ಲಿ ತಿನ್ನುವುದು ಬೇಡ.

ಟ್ಯೂನಾಗೆ ಇನ್ನೊಂದು ಕಾರಣವೂ ಇದೆ. ಬೆಚ್ಚಗಿಟ್ಟರೆ ಕೆಲವು ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಎಂಬ ವಸ್ತುವನ್ನು ಉಂಟುಮಾಡುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ‘ಮತ್ತೆ ಬಿಸಿ ಮಾಡಿದರೆ ಸರಿಯಾಗುತ್ತದೆ’ ಎಂಬುದು ತಪ್ಪು, ಹಿಸ್ಟಮಿನ್ ಶಾಖಕ್ಕೆ ನಾಶವಾಗುವುದಿಲ್ಲ. ಉಳಿದ ಮೀನನ್ನು ತೆರೆದ ಕೂಡಲೇ ಮುಚ್ಚಳದ ಪಾತ್ರೆಗೆ ಹಾಕಿ ಫ್ರಿಜ್‌ನಲ್ಲಿಡಿ, ಮೂರು ದಿನದೊಳಗೆ ಮುಗಿಸಿ.

ಹಾಗಾದರೆ ಮಾಡುವುದು ಹೇಗೆ?

ನೀರಿನಲ್ಲಿ ತುಂಬಿದ ಲೈಟ್ ಟ್ಯೂನಾ ತೆಗೆದುಕೊಂಡು ನೀರು ಬಸಿಯಿರಿ. 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು ತೀರಾ ಕಡಿಮೆ. ಎಲೆಯ ಶೇ. 95ರಷ್ಟು ಬರೀ ನೀರು. ಹಾಗಾಗಿ ಇದು ‘ಲಘು’ ಊಟವೋ ಅಲ್ಲವೋ ಎಂದು ತೀರ್ಮಾನಿಸುವುದು ಮೇಯನೇಸ್: ಒಂದು ದೊಡ್ಡ ಚಮಚಕ್ಕೆ ಸುಮಾರು 90 ಕ್ಯಾಲೊರಿ. ಮನೆಯಲ್ಲೇ ಹಸಿ ಮೊಟ್ಟೆಯಿಂದ ಮಾಡಿದ್ದರೆ ಸಾಲ್ಮೊನೆಲ್ಲಾ ಸೋಂಕಿನ ಭಯವೂ ಉಂಟು. ಬದಲಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಎರಡು ಚಮಚ ಸಾಕು.

ಸಣ್ಣಗೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ, ನಿಂಬೆರಸ, ಕಾಳುಮೆಣಸಿನ ಪುಡಿ ಸೇರಿಸಿ. ಡಬ್ಬಿಯ ಮೀನಿನಲ್ಲಿ ಉಪ್ಪು ಮೊದಲೇ ಇರುವುದರಿಂದ ರುಚಿ ನೋಡಿ ಹಾಕಿ, ಅದೂ ಕೋಸಂಬರಿಗೆ ಹಾಕುವಂತೆ ಬಡಿಸುವ ಹೊತ್ತಿಗೆ. ಇಲ್ಲವಾದರೆ ಸೌತೆಕಾಯಿ ನೀರು ಬಿಟ್ಟು ಎಲೆ ಹರಿಯುತ್ತದೆ. ಎಲೆಯಲ್ಲಿ ಸುತ್ತಿ ಕೂಡಲೇ ತಿನ್ನಿ.

ಮನೆಯಲ್ಲಿ ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದರೆ ಅವರಿಗೆ ಹಸಿ ಎಲೆ ಬೇಡ. ಅದೇ ಮಿಶ್ರಣವನ್ನು ಬಿಸಿ ಚಪಾತಿಯಲ್ಲಿ ಸುತ್ತಿಕೊಡಿ. ಈರುಳ್ಳಿ ಬಾಡಿಸಿರಲಿ, ಸೌತೆಕಾಯಿಯ ಸಿಪ್ಪೆ ತೆಗೆದಿರಲಿ.

ಫಾರ್ವರ್ಡ್ ಮಾಡುವುದಿದ್ದರೆ ಇಷ್ಟನ್ನೇ ಮಾಡಿ: ಡಬ್ಬಿಯ ಮೀನು ಬೆಂದದ್ದು, ಎಲೆ ಬೆಂದದ್ದಲ್ಲ. ಎಲೆಯನ್ನು ಹರಿಯುವ ನೀರಿನಲ್ಲಿ ಒಂದೊಂದಾಗಿ ತೊಳೆಯಿರಿ, ಕಲಸಿದ್ದನ್ನು ಒಂದು ಗಂಟೆಯೊಳಗೆ ತಿನ್ನಿ.