ಮನೆಯ ಫ್ಯೂಸ್ ಬೋರ್ಡು

ದೀಪವು ಫಕ್ಕನೆ ಆರಿದಾಗ ‘ಫ್ಯೂಸು ಹೋಯಿತು’ ಎಂದು ಬೇಸರದಿಂದ ನುಡಿಯುವುದು ನಮ್ಮ ಮನೆಗಳಲ್ಲಿ ವಾಡಿಕೆ. ಹೋಗುವುದಕ್ಕಾಗಿಯೇ ಅದನ್ನು ಅಲ್ಲಿರಿಸಿದ್ದಾರೆಂಬುದನ್ನು ಆ ಕತ್ತಲೆಯಲ್ಲಿ ನೆನೆಯುವವರು ವಿರಳ. ಈ ಶಬ್ದವು ‘ಕರಗಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಹೆಸರೇ ಅದರ ಧರ್ಮವನ್ನು ಹೇಳುತ್ತದೆ. ಅಮೆರಿಕದ ಎಡಿಸನ್ನನು 1880ರಲ್ಲಿಯೇ ದೀಪದ ತಂತಿಯ ನಡುವೆ ಇಂಥ ದುರ್ಬಲವಾದ ತುಣುಕನ್ನು ಸೇರಿಸುವ ಉಪಾಯಕ್ಕೆ ಪೇಟೆಂಟು ಪಡೆದನು.

ತಂತಿಯಲ್ಲಿ ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಆದಕಾರಣ ಗೋಡೆಯೊಳಗಿನ ತಂತಿಯು ಕಾಯುವ ಮೊದಲೇ, ಬೆಂಕಿ ತಗುಲದ ಪಿಂಗಾಣಿಯ ನಡುವೆ ಎಳೆದಿರುವ ತೆಳುವಾದ ತಂತಿಯು ಕರಗಿ ಹೋಗಬೇಕು. ಐದು ಆಂಪಿಯರಿಗೆ ತವರ ಲೇಪಿಸಿದ ತಾಮ್ರದ ತಂತಿ 0.2 ಮಿಲಿಮೀಟರ್ ದಪ್ಪವಿದ್ದರೆ ಸಾಕು, ಹದಿನೈದಕ್ಕೆ 0.5. ಐದರ ತಂತಿಯು ಆರಕ್ಕೇ ಕರಗುವುದೂ ಇಲ್ಲ, ಸುಮಾರು ಎರಡರಷ್ಟು ಪ್ರವಾಹವನ್ನು ತಾಳಿಕೊಳ್ಳುತ್ತದೆ. ಇಂಥದರಲ್ಲಿ ನಾವೇ ಇನ್ನಷ್ಟು ದಪ್ಪದ ತಂತಿಯನ್ನು ಸುತ್ತಿದರೆ ಗತಿಯೇನು? ನಮ್ಮ ಬಡಾವಣೆಯ ಒಂದು ಮದುವೆಮನೆಯಲ್ಲಿ ಫ್ಯೂಸು ಮೇಲಿಂದ ಮೇಲೆ ಹೋಗುತ್ತಿದ್ದಿತೆಂದು ಯಾರೋ ಉತ್ಸಾಹಿಗಳು ನಾಲ್ಕು ಎಳೆಗಳನ್ನು ಹೊಸೆದು ಕಟ್ಟಿದರು. ದೀಪಗಳು ಚೆನ್ನಾಗಿಯೇ ಉರಿದವು. ಕರಗಿದ್ದು ಗೋಡೆಯೊಳಗಿನ ತಂತಿಯ ಹೊದಿಕೆ. ಸುಟ್ಟ ವಾಸನೆಯನ್ನು ಗುರುತಿಸಿದ ಅಜ್ಜಿಯೊಬ್ಬರು ಕೂಗಿಕೊಂಡದ್ದರಿಂದ ಮೇನ್ ಸ್ವಿಚ್ಚನ್ನು ಆರಿಸಿದರು. ಇಲ್ಲವಾದರೆ ಚಪ್ಪರಕ್ಕೆ ಬೆಂಕಿ ಹತ್ತುತ್ತಿದ್ದಿತು.

ಹಿಂದೆ ಮರದ ಹಲಗೆಯ ಮೇಲೆ ಬಿಳಿಯ ಪಿಂಗಾಣಿಯ ಕಿಟ್‌ಕ್ಯಾಟುಗಳು ಸಾಲಾಗಿ ಕುಳಿತಿರುತ್ತಿದ್ದವು. ಈಗ ಗೋಡೆಯೊಳಗೆ ಹುದುಗಿ ಮಟ್ಟಸವಾಗಿ ನಿಲ್ಲುವ ಉಕ್ಕಿನ ತಗಡಿನ ಚಪ್ಪಟೆ ಪೆಟ್ಟಿಗೆ. ನೋಟಕ್ಕೆ ಚೆಲುವೇ ಸರಿ, ಆದರೆ ಅದನ್ನು ರಚಿಸುವವನ ಕಷ್ಟ ಹೆಚ್ಚು. ಪೆಟ್ಟಿಗೆ ತೆಳುವಾದಷ್ಟೂ ಒಳಗಿನ ಶಾಖವು ಹೊರಹೋಗುವ ದಾರಿ ಕಿರಿದಾಗುತ್ತದೆ. ಕೆಲವು ಮನೆಗಳನ್ನು ಖಾಲಿ ಬಿಡಬೇಕಾಗುತ್ತದೆ. ತಾಮ್ರದ ಪಟ್ಟಿಯ ತಿರುಪೊಂದು ಸಡಿಲವಾದರೂ ಅಲ್ಲಿಯೇ ಕಾವು ಹುಟ್ಟುತ್ತದೆ. ತಗಡಿಗೆ ಭೂಮಿಯ ತಂತಿಯನ್ನು ಸೇರಿಸುವಲ್ಲಿ ಬಣ್ಣವನ್ನು ಕೆರೆದು ಲೋಹವನ್ನು ತೋರಿಸಬೇಕು. ನ್ಯೂಟ್ರಲ್ ತಂತಿಗೆ ಮಾತ್ರ ಫ್ಯೂಸು ಕೂಡದು: ಅದು ಕರಗಿದರೆ ದೀಪವೇನೋ ಆರುತ್ತದೆ, ಫೇಸಿನ ತಂತಿಯು ಹಾಗೆಯೇ ಜೀವಂತವಾಗಿ ಕಾದಿರುತ್ತದೆ. ದೀಪವಿಲ್ಲವೆಂದು ನಂಬಿ ಕೈಯಿಡುವವನ ಪಾಡನ್ನು ಹೇಳಬೇಕಾಗಿಲ್ಲ.

ತಂತಿಯ ಬದಲಾಗಿ ಬಂದಿರುವ ಎಂ.ಸಿ.ಬಿ. ಎಂಬ ಪುಟ್ಟ ಯಂತ್ರಕ್ಕೆ ಜರ್ಮನಿಯ ಮಾನ್‌ಹೈಮಿನಲ್ಲಿ 1924ರಲ್ಲಿ ಪೇಟೆಂಟು ದೊರೆಯಿತು. ಒಳಗೆ ಎರಡು ಲೋಹಗಳ ಜೋಡುಪಟ್ಟಿಯಿದ್ದು, ಕಾದಾಗ ಬಾಗಿ ಹಿಡಿಕೆಯನ್ನು ಬೀಳಿಸುತ್ತದೆ. ಶಾರ್ಟ್ ಸರ್ಕ್ಯೂಟಿಗೆ ವಿದ್ಯುದಯಸ್ಕಾಂತವು ತತ್‌ಕ್ಷಣ ಅದೇ ಕೆಲಸವನ್ನು ಮಾಡುತ್ತದೆ. ಇದರಲ್ಲಿ ದಪ್ಪ ತಂತಿಯನ್ನು ಹೊಸೆಯಲು ಎಡೆಯಿಲ್ಲವೆಂಬುದೇ ನನಗೆ ದೊಡ್ಡ ಸಮಾಧಾನ.

ಆದರೆ ಇವೆರಡೂ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಬಚ್ಚಲಿನಲ್ಲಿ ಒದ್ದೆಗೈಯಿಂದ ಕೆಟ್ಟ ಗೀಸರನ್ನು ಮುಟ್ಟಿದವನ ಪ್ರಾಣಕ್ಕೆ, ಐದು ಆಂಪಿಯರಿನಲ್ಲಿ ನೂರೈವತ್ತರಲ್ಲೊಂದು ಪಾಲೂ ಅಪಾಯವೇ. ಅದಕ್ಕೆಂದೇ 30 ಮಿಲಿಆಂಪಿಯರ್ ಸೋರಿದೊಡನೆ ಕಡಿಯುವ ಆರ್.ಸಿ.ಸಿ.ಬಿ. ಎಂಬುದು ಪ್ರತ್ಯೇಕವಾಗಿ ಬೇಕು. ನಿಮ್ಮ ಮನೆಯ ಪೆಟ್ಟಿಗೆಯ ಮುಚ್ಚಳವನ್ನು ತೆರೆದು ನೋಡಿರಿ. ‘ಟಿ’ ಎಂಬ ಗುರುತಿನ ಗುಂಡಿಯಿದ್ದರೆ ಹಗಲಿನಲ್ಲಿ ಒಮ್ಮೆ ಒತ್ತಿರಿ. ಹಿಡಿಕೆಯು ಬೀಳದಿದ್ದರೆ ವೈರಿಂಗ್ ಕೆಲಸದವರನ್ನು ಅಂದೇ ಕರೆಯಿಸಿರಿ.