ಕೀಳೋದು ಪುಕ್ಕಟೆ, ಕಟ್ಟೋದು ಕಾಸಿಗೆ

ನಮ್ಮ ಅಕ್ಕನಿಗೆ 36 ವರ್ಷ. ಪೌರಕಾರ್ಮಿಕಳು. ಕೆಳದವಡೆಯ ಹಲ್ಲು ಹುಳುಕಾಗಿ, ಮುಖ ಊದಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದಳು. ಹದಿನೈದು ನಿಮಿಷದಲ್ಲಿ ಕಿತ್ತು, ಹತ್ತಿ ಕಚ್ಚಿಸಿ ಕಳಿಸಿದರು. "ರೂಟ್ ಕೆನಾಲ್ ಮಾಡಿ ಉಳಿಸೋಕಾಗಲ್ವಾ ಸಾರ್?" ಅಂದಿದ್ದಕ್ಕೆ "ಇಲ್ಲಿ ಆಗಲ್ಲಮ್ಮ, ಹೊರಗೆ ಮಾಡಿಸ್ಕೋ." ಮೂರು ತಿಂಗಳು ಬಿಟ್ಟು ಬ್ರಿಡ್ಜ್ ಕೇಳೋಕೆ ನಾನೂ ಜೊತೆಗೆ ಹೋದೆ. "ಅದು ಕಾಸ್ಮೆಟಿಕ್, ಸರ್ಕಾರಿಯಲ್ಲಿ ಬರಲ್ಲ" ಅಂದ್ರು. ಹೊರಗಿನ ಕ್ಲಿನಿಕ್ಕಿನಲ್ಲಿ 12,000 ರೂಪಾಯಿ.

ಕಾಸ್ಮೆಟಿಕ್ ಅಂತೆ! ಅಂದ್ರೆ ಶೋಕಿ. ದವಡೆಯ ಹಿಂದಿರೋ ಹಲ್ಲು ಯಾರ ಕಣ್ಣಿಗೆ ಬೀಳುತ್ತೆ ಸ್ವಾಮಿ? ಅದು ಅಗಿಯೋ ಹಲ್ಲು. ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುತ್ತೆ. ಇದೂ ಬಿದ್ದುಹೋಗೋ ಹಲ್ಲೇ ಅಂದ್ಕೊಂಡು ಮನೆಯವರು ಸುಮ್ಮನಾಗ್ತಾರೆ, ಹೆಚ್ಚಿನವರಿಗೆ ಮೊದಲು ಹೋಗೋದೂ ಅದೇ. ಕಿತ್ತ ಮೇಲೆ ಅಕ್ಕಪಕ್ಕದ ಹಲ್ಲು ಸಂದಿಗೆ ವಾಲುತ್ತವೆ, ಮೇಲಿನದು ತಡೆಯಿಲ್ಲದೆ ಕೆಳಗಿಳಿಯುತ್ತೆ, ಅನ್ನ ಸಿಕ್ಕಿ ಮತ್ತೊಂದು ಹುಳುಕು. ಅಕ್ಕ ಈಗ ಒಂದೇ ಕಡೆ ಅಗೀತಾಳೆ. ಬಾಡೂಟಕ್ಕೆ ಕೂತರೆ ತುಂಡು ಮಗನ ಎಲೆಗೆ ಹಾಕಿ ಸಾರಷ್ಟೇ ಬಡಿಸ್ಕೋತಾಳೆ.

ಬ್ರಿಡ್ಜ್ ಅಂದ್ರೆ ಇಷ್ಟು: ಹೋದ ಹಲ್ಲಿನ ಎರಡೂ ಪಕ್ಕದ ಹಲ್ಲನ್ನು ಸುತ್ತಲೂ ಅರೆದು, ಅಳತೆ ತೆಗೆದು ಲ್ಯಾಬಿಗೆ ಕಳಿಸಿ, ಮೂರು ಹಲ್ಲು ಒಟ್ಟಿಗೆ ಬೆಸೆದ ತುಂಡನ್ನು ತಂದು ಅಂಟಿಸೋದು. ಹೋಗಿದ್ದು 1, ಬಿಲ್ಲು 3ಕ್ಕೆ. ಗಟ್ಟಿ ಹಲ್ಲನ್ನು ಅರೆಸೋದು ನನಗೂ ಸಂಕಟವೇ, ಅರೆದ ಎನಾಮಲ್ ಮತ್ತೆ ಬೆಳೆಯಲ್ಲ. ಮೊದಲ ದಿನವೇ ರೂಟ್ ಕೆನಾಲ್ ಮಾಡಿದ್ದಿದ್ರೆ ಈ ಮೂರರ ಲೆಕ್ಕವೇ ಬರ್ತಿರಲಿಲ್ಲ.

"ದಂತಭಾಗ್ಯ ಇದೆಯಲ್ಲ?" ಅನ್ನೋರಿಗೆ: ಇದೆ. ವಯಸ್ಸಾದ ಬಿಪಿಎಲ್ ಕಾರ್ಡಿನವರಿಗೆ ತೆಗೆದು ಹಾಕೋ ಹಲ್ಲುಸೆಟ್ ಕೊಡೋ ಯೋಜನೆ ಅದು. ನಮ್ಮ ಕೇರಿಯ ಅಜ್ಜಿಯರಿಗೆ ಉಪಯೋಗ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ದುಡಿಯೋ ಹೆಂಗಸಿಗೆ ಮುದುಕಿ ಆಗೋವರೆಗೂ ಕಾಯಿ ಅನ್ನೋದು ಯಾವ ಸೀಮೆ ಭಾಗ್ಯ?

ಇನ್ನೊಂದು ಮಾತು ಎಲ್ಲಾ ಕಡೆ ಕೇಳಿ ಸಾಕಾಗಿದೆ. "ನೀವು ಎಲೆ-ಅಡಿಕೆ, ಹೊಗೆಸೊಪ್ಪು ಹಾಕ್ತೀರಿ, ಅದಕ್ಕೇ." ಹಾಕ್ತಾರೆ, ಅದು ಬಾಯಿ ಹಾಳು ಮಾಡುತ್ತೆ ಅನ್ನೋದೂ ನಿಜ. ಬೆಳಗಿನ ಜಾವ ಐದಕ್ಕೆ ಊರಿನ ಕೊಳೆತ ಕಸದ ಎದುರು ಬರಿಬಾಯಲ್ಲಿ ಒಂದು ವಾರ ನಿಂತು ನೋಡಿ, ಆಮೇಲೆ ಬುದ್ಧಿ ಹೇಳಿ. ಊರಿನ ನಾತ ಹೊತ್ತ ಬಾಯಿಗೆ ಊರೇ ದಂಡ ಹಾಕೋದು ಎಲ್ಲಿಯ ನ್ಯಾಯ?

ದುಡ್ಡಿಲ್ಲ ಅನ್ನಬೇಡಿ. 2013ರ ಎಸ್‌ಸಿಪಿ-ಟಿಎಸ್‌ಪಿ ಕಾಯ್ದೆ ನಮ್ಮ ಜನಸಂಖ್ಯೆಗೆ ತಕ್ಕ ಪಾಲು, ಅಂದ್ರೆ ಶೇ 24.1, ತೆಗೆದಿಡಿ ಅನ್ನುತ್ತೆ. ಅದು ಎಲ್ಲೆಲ್ಲಿಗೋ ಹರಿದುಹೋಗೋದನ್ನು ಪ್ರತಿ ಬಜೆಟ್ಟಿನಲ್ಲೂ ನೋಡ್ತಿದ್ದೀವಿ. ತಾಲ್ಲೂಕು ಆಸ್ಪತ್ರೆಯಲ್ಲಿ ರೂಟ್ ಕೆನಾಲ್, ಬ್ರಿಡ್ಜ್ ಮಾಡಿಕೊಡೋಕೆ ಜಿಲ್ಲೆಗೊಂದು ಲ್ಯಾಬ್, ಇಷ್ಟಕ್ಕೆ ಅದರಲ್ಲಿ ಜಾಗ ಇಲ್ವಾ?

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೋದ ವರ್ಷ ಎಷ್ಟು ಹಲ್ಲು ಕಿತ್ತರು, ಎಷ್ಟು ಉಳಿಸಿದರು, ಎಷ್ಟು ಕಟ್ಟಿದರು ಅಂತ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ಉತ್ತರ ಬಂದಮೇಲೆ ನನಗೂ ಒಂದು ಪ್ರತಿ ಕಳಿಸಿ. ನಮ್ಮ ತಾಲ್ಲೂಕಿನದು ನಾಳೆ ಹಾಕ್ತಿದ್ದೀನಿ.

ಜೈಭೀಮ್.